ಸಡಿಲ ನೆಲದಲ್ಲಿ ಸುರಂಗ: ಮಣ್ಣು ಬೀಳದ ಹಾಗೆ ಹಿಡಿಯೋದು ಹೇಗೆ?

ಚಿತ್ರದುರ್ಗ ಅಂದ ತಕ್ಷಣ ಎಲ್ಲರಿಗೂ ನೆನಪಾಗೋದು ಕೋಟೆಯ ಹೆಬ್ಬಂಡೆಗಳು. ಹಾಗಾಗಿ ಹೊರಗಿನಿಂದ ಬರುವ ಎಂಜಿನಿಯರುಗಳು "ಇಲ್ಲಿ ಎಲ್ಲಾ ಕಲ್ಲೇ ಅಲ್ವಾ, ಸುರಂಗ ಹೊಡೆಯೋಕೆ ಏನು ಕಷ್ಟ" ಅಂದುಕೊಂಡೇ ಬರುತ್ತಾರೆ. ಕೋಟೆ ಬೆಟ್ಟ ಗ್ರಾನೈಟ್, ಅದು ನಿಜ. ಆದರೆ ಅದರ ಸುತ್ತಲಿನ ನೆಲವೇ ಬೇರೆ. ಗದಗದ ಕಡೆಯಿಂದ ಇಳಿದು, ಚಿತ್ರದುರ್ಗ ದಾಟಿ, ಶ್ರೀರಂಗಪಟ್ಟಣದ ಕಡೆಗೆ ಹೋಗುವ ಶಿಸ್ಟ್ ಪಟ್ಟಿ ನಮ್ಮ ಜಿಲ್ಲೆಯ ನಡುವೆ ಹಾದಿದೆ. ಅದು ಪದರು ಪದರಾದ ಕಲ್ಲು. ಮೇಲ್ಭಾಗದಲ್ಲಿ ಬಿಸಿಲು ಮಳೆಗೆ ಕೊಳೆತು ಮಣ್ಣಾಗಿರುತ್ತದೆ. ಬೇಸಿಗೆಯಲ್ಲಿ ಗುದ್ದಲಿಗೂ ಜಗ್ಗುವುದಿಲ್ಲ. ಎರಡು ಮಳೆ ಬಿದ್ದರೆ ಕೈಯಲ್ಲಿ ಹಿಸುಕಬಹುದು. ಇನ್ನು ದಾವಣಗೆರೆ, ಹರಿಹರದ ಕಡೆ ಹೋದರೆ ಎರೆಮಣ್ಣು, ಅದರ ಕೆಳಗೆ ಗರಸು, ಹಳ್ಳ ಹೊಳೆಗಳ ಪಕ್ಕ ಮರಳು.

ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಹತ್ತಿರ ಸುಮಾರು 7 ಕಿ.ಮೀ ಉದ್ದದ ಸುರಂಗ ದಾಟಿ ನಮ್ಮ ಕಡೆ ಬರುತ್ತದೆ. ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗದ ಕೆಲಸವೂ ನಡೆದಿದೆ. ರಸ್ತೆ, ಹಳಿಗಳ ಕೆಳಗೆ ಪೈಪು, ಬಾಕ್ಸು ತಳ್ಳುವ ಸಣ್ಣಪುಟ್ಟ ಕೆಲಸಗಳಿಗಂತೂ ಕೊನೆಯಿಲ್ಲ. ಡಿಪ್ಲೊಮಾ ಅಥವಾ ಬಿ.ಇ. ಮುಗಿಸಿ ಇಂಥ ಸೈಟಿಗೆ ಮೊದಲ ಸಲ ಇಳಿಯುವವರಿಗೆ ಮತ್ತು ಸಣ್ಣ ಗುತ್ತಿಗೆದಾರರಿಗೆ ಅಂತ ಇದನ್ನು ಬರೆಯುತ್ತಿದ್ದೇನೆ. ವಿನ್ಯಾಸ ಮಾಡಬೇಕಾದವರು ಭೂತಾಂತ್ರಿಕ ಎಂಜಿನಿಯರು. ಸೈಟಿನಲ್ಲಿ ನಿಂತವರು ಏನು ನೋಡಬೇಕು, ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ಇಲ್ಲಿದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ಕಲ್ಲಿನಲ್ಲಿ ಮೊದಲು ಅಗೆದು ಆಮೇಲೆ ಆಧಾರ ಕೊಡಬಹುದು. ಸಡಿಲ ನೆಲದಲ್ಲಿ ಇದು ನಡೆಯುವುದಿಲ್ಲ. ಮೊದಲು ನೀರನ್ನು ದಾರಿಗೆ ತರಬೇಕು, ಆಮೇಲೆ ಮಣ್ಣನ್ನು ಹಿಡಿಯಬೇಕು, ಆಮೇಲೆ ಅಗೆಯಬೇಕು. ನಾನು ಕಂಡ ಕುಸಿತಗಳಲ್ಲಿ ಹೆಚ್ಚಿನವು ಈ ಕ್ರಮ ತಪ್ಪಿದ್ದರಿಂದ ಆದವು.

ಹಂತ 1: ಮಣ್ಣಿನ ಸ್ವಭಾವ ಗುರುತಿಸಿ

ಮಣ್ಣಿನ ಹೆಸರಿಗಿಂತ ಅದು ಹೇಗೆ ವರ್ತಿಸುತ್ತದೆ ಅನ್ನೋದು ಮುಖ್ಯ. ಮಣ್ಣಿನ ಎಂಜಿನಿಯರಿಂಗ್ ಶಾಸ್ತ್ರ ಕಟ್ಟಿದ ಕಾರ್ಲ್ ಟೆರ್ಜಾಗಿ ಹಳೆಯ ಸುರಂಗ ಕೆಲಸಗಾರರ ಮಾತುಗಳನ್ನೇ ಇಟ್ಟುಕೊಂಡು ಒಂದು ವಿಂಗಡಣೆ ಮಾಡಿದರು. ಅದು ಇವತ್ತಿಗೂ ಸೈಟಿನಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ನೆಲಕ್ಕೆ ಹೊಂದಿಸಿ ಹೇಳುವುದಾದರೆ ಹೀಗೆ:

- ನಿಲ್ಲುವ ಮಣ್ಣು: ಒಣ, ಗಟ್ಟಿ ಗರಸು. ಅಗೆದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ನಿಲ್ಲುತ್ತದೆ.
- ಉದುರುವ ಮಣ್ಣು: ಬಿರುಕು ಬಿಟ್ಟ ಗರಸು, ಕೊಳೆತ ಶಿಸ್ಟ್. ಮೊದಲು ಸಣ್ಣ ಚೂರು ಬೀಳುತ್ತವೆ, ಆಮೇಲೆ ಹೆಂಟೆ.
- ಹರಿಯುವ ಮಣ್ಣು: ಒಣ ಮರಳು. ತೂತು ಮಾಡಿದ ಕ್ಷಣ ಜಾರುತ್ತದೆ.
- ನೀರಿನ ಜೊತೆ ನುಗ್ಗುವ ಮಣ್ಣು: ನೀರಿನ ಮಟ್ಟದ ಕೆಳಗಿನ ಮರಳು, ಹೂಳು. ಇದೇ ಎಲ್ಲಕ್ಕಿಂತ ಅಪಾಯ.
- ಹಿಂಡುವ ಮಣ್ಣು: ಮೆತ್ತನೆ ಜೇಡಿ, ಆಳದಲ್ಲಿ ಕೊಳೆತ ಪದರುಗಲ್ಲು. ಬೀಳುವುದಿಲ್ಲ, ನಿಧಾನವಾಗಿ ಒಳಕ್ಕೆ ಒತ್ತುತ್ತಾ ಬರುತ್ತದೆ.
- ಉಬ್ಬುವ ಮಣ್ಣು: ಎರೆಮಣ್ಣು. ನೀರು ಕುಡಿದು ಊದಿಕೊಳ್ಳುತ್ತದೆ.

ಒಂದೇ ಮಣ್ಣು ಜಾತಿ ಬದಲಿಸುತ್ತದೆ, ಅದನ್ನು ಮರೆಯಬೇಡಿ. ಮಕ್ಕಳು ಒದ್ದೆ ಮರಳಿನಲ್ಲಿ ಪಾದ ಹೂತು, ಮೇಲೆ ತಟ್ಟಿ, ಮೆಲ್ಲಗೆ ಕಾಲು ಎಳೆದು ಗುಬ್ಬಚ್ಚಿ ಗೂಡು ಮಾಡುತ್ತಾರಲ್ಲ? ತೇವ ಸರಿಯಿದ್ದರೆ ಗೂಡು ನಿಲ್ಲುತ್ತದೆ. ಒಣಗಿದರೂ ಬೀಳುತ್ತದೆ, ನೀರು ಜಾಸ್ತಿ ಆದರೂ ಬೀಳುತ್ತದೆ. ಸುರಂಗದ ಮಾಡಿನಲ್ಲಿರುವ (ಚಾವಣಿಯಲ್ಲಿರುವ) ಮರಳಿಗೂ ಇದೇ ಲೆಕ್ಕ.

ಅಗೆದ ಜಾಗ ಆಧಾರ ಇಲ್ಲದೆ ಎಷ್ಟು ಹೊತ್ತು ನಿಲ್ಲುತ್ತದೋ ಅದಕ್ಕೆ ಸ್ಟ್ಯಾಂಡ್-ಅಪ್ ಟೈಮ್ ಅನ್ನುತ್ತಾರೆ. ನಿಮ್ಮ ಇಡೀ ಕೆಲಸದ ವೇಗವನ್ನು ಇದೇ ತೀರ್ಮಾನಿಸುತ್ತದೆ. ಮಣ್ಣು ಅರ್ಧ ಗಂಟೆ ನಿಲ್ಲುತ್ತದೆ, ನಿಮಗೆ ಶಾಟ್‌ಕ್ರೀಟ್ (ಒತ್ತಡದಲ್ಲಿ ಚಿಮ್ಮಿಸುವ ಕಾಂಕ್ರೀಟ್) ಹೊಡೆಯಲು ಎರಡು ಗಂಟೆ ಬೇಕು ಅಂದರೆ ಆ ವಿಧಾನ ಅಲ್ಲಿ ನಡೆಯಲ್ಲ. ಅಗೆತ ಚಿಕ್ಕದು ಮಾಡಿ, ಇಲ್ಲವೇ ಮಣ್ಣನ್ನು ಮೊದಲೇ ಗಟ್ಟಿ ಮಾಡಿ.

ಲ್ಯಾಬಿನ ವರದಿ ಬರುವ ಮೊದಲು ಕೈಯಲ್ಲೇ ಒಂದಿಷ್ಟು ತಿಳಿಯುತ್ತದೆ. ಒದ್ದೆ ಮಣ್ಣಿನ ಉಂಡೆಯನ್ನು ಅಂಗೈಯಲ್ಲಿಟ್ಟು ಪಕ್ಕಕ್ಕೆ ಅಲ್ಲಾಡಿಸಿ. ಮೇಲ್ಮೈ ಬೇಗ ನೀರಾಡಿ ಹೊಳೆದು, ಹಿಸುಕಿದ ಕೂಡಲೇ ಮಂಕಾದರೆ ಅದು ಹೂಳು ಅಥವಾ ಸಣ್ಣ ಮರಳು. ನೀರು ಕಂಡರೆ ನುಗ್ಗುವ ಜಾತಿ. ಹೊಳಪೇ ಬರದೆ, ಅಂಗೈ ಮೇಲೆ ಹೊಸೆದರೆ ಸಣ್ಣ ದಾರದ ಹಾಗೆ ಉದ್ದ ಬಂದರೆ ಜೇಡಿ. ಬೆರಳ ನಡುವೆ ಸೋಪಿನ ಹಾಗೆ ಜಾರಿ, ಮಿನುಗುವ ಪುಡಿ ಅಂಟಿದರೆ ಅದು ಕೊಳೆತ ಶಿಸ್ಟ್. ಪದರಿನ ಉದ್ದಕ್ಕೂ ಅದು ಜಾರುತ್ತದೆ ಅಂತ ಆಗಲೇ ಬರೆದಿಟ್ಟುಕೊಳ್ಳಿ.

ಹಂತ 2: ಬೋರ್ ಹಾಕಿ, ಆದರೆ ಯಾವಾಗ ಹಾಕಿದಿರಿ ಅನ್ನೋದನ್ನೂ ಬರೆಯಿರಿ

ಪೋರ್ಟಲ್ ಅಂದರೆ ಸುರಂಗದ ಬಾಯಿ. ಆ ಜಾಗದಲ್ಲಿ ಬೋರ್‌ಹೋಲ್ ಹತ್ತಿರ ಹತ್ತಿರ ಬೇಕು. ಸುರಂಗದ ಮೇಲೆ ಮಣ್ಣಿನ ಹೊದಿಕೆ ತೆಳುವಿರುವ ಕಡೆ, ಹಳ್ಳ ದಾಟುವ ಕಡೆ, ಕಲ್ಲು ಮುಗಿದು ಮಣ್ಣು ಶುರುವಾಗುವ ಕಡೆ ಕೂಡ ಅಷ್ಟೇ. ಆಳ ಸುರಂಗದ ತಳಕ್ಕೆ ನಿಲ್ಲಬಾರದು. ತಳದಿಂದ ಕೆಳಗೆ ಸುರಂಗದ ಅಗಲದಷ್ಟಾದರೂ ಹೋಗಲಿ. ಎಸ್‌ಪಿಟಿ (ಸುತ್ತಿಗೆ ಏಟಿಗೆ ಕೊಳವೆ ಎಷ್ಟು ಇಳಿಯುತ್ತದೆ ಅಂತ ಎಣಿಸುವ ಪರೀಕ್ಷೆ), ಕಣಗಳ ಗಾತ್ರ, ಜೇಡಿಯ ಮಿತಿಗಳು (ಎಷ್ಟು ನೀರಿಗೆ ಮೆತ್ತಗಾಗುತ್ತದೆ ಅನ್ನೋದು), ಎರೆಮಣ್ಣಾದರೆ ಉಬ್ಬುವ ಪರೀಕ್ಷೆ, ಇವೆಲ್ಲ ಮಾಮೂಲಿ.

ನಮ್ಮ ಕಡೆ ಎಲ್ಲರೂ ಎಡವುವುದು ಎರಡು ಜಾಗದಲ್ಲಿ.

ಒಂದು, ನೀರಿನ ಮಟ್ಟ. ಬೇಸಿಗೆಯಲ್ಲಿ ಅಳೆದದ್ದು ಕಮ್ಮಿ, ಮಳೆಗಾಲದಲ್ಲಿ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ದಾವಣಗೆರೆ, ಹರಿಹರದ ಭದ್ರಾ ಅಚ್ಚುಕಟ್ಟಿನಲ್ಲಿ ಈ ಲೆಕ್ಕ ಅಷ್ಟು ಸಲೀಸಲ್ಲ. ಬೇಸಿಗೆ ಬೆಳೆಗೂ ನಾಲೆಗೆ ನೀರು ಬಿಟ್ಟಾಗ ಗದ್ದೆಯಲ್ಲೆಲ್ಲ ನೀರು ನಿಂತಿರುತ್ತದೆ, ಸುತ್ತಲಿನ ನೆಲದ ನೀರು ಮೇಲೆ ಬರುತ್ತದೆ. ನಾಲೆ ನಿಲ್ಲಿಸಿದ ಹೊತ್ತಿನಲ್ಲಿ ಬೋರ್ ಹಾಕಿ "ನೀರು 9 ಮೀಟರ್ ಕೆಳಗಿದೆ" ಅಂತ ಬರೆದರೆ, ನಾಲೆ ಹರಿಯುವಾಗ ಅದು ಸುರಂಗದ ಮಾಡಿಗೆ ಬಂದು ಕೂತಿರಬಹುದು. ಹಾಗಾಗಿ ಬೋರ್‌ಹೋಲ್ ಮುಚ್ಚಬೇಡಿ. ತೂತು ಪೈಪು ಇಳಿಸಿ ನೀರಿನ ಮಟ್ಟ ಅಳೆಯುವ ಪೀಜೋಮೀಟರ್ ಮಾಡಿ, ನಾಲೆ ಹರಿದಾಗಲೂ ನಿಂತಾಗಲೂ ಅಳೆಯಿರಿ. ಊರ ಕೆರೆಯ ಹಿಂದೆ ಮುಂದೆ ಹೋಗುವ ಸುರಂಗವಾದರೆ ಕೆರೆ ತುಂಬಿದ ವರ್ಷ ಏನಾಗುತ್ತದೆ ಅಂತಲೂ ಯೋಚಿಸಿ. ಮಾರಿಕಣಿವೆ (ವಾಣಿವಿಲಾಸ ಸಾಗರ) 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ತುಂಬದ ಜಲಾಶಯ ಎಂದೂ ತುಂಬಲ್ಲ ಅಂತ ಅಂದುಕೊಂಡವರು ಎಷ್ಟು ಜನ!

ಎರಡು, "ಸಾಫ್ಟ್ ರಾಕ್" ಅನ್ನುವ ಮಾತು. ಎಸ್‌ಪಿಟಿಯಲ್ಲಿ 50 ಏಟಿಗೂ ಇಳಿಯದಿದ್ದರೆ ವರದಿಯಲ್ಲಿ ಹೀಗೆ ಬರೆದುಬಿಡುತ್ತಾರೆ. ಕೊಳೆತ ಶಿಸ್ಟ್ ಒಣಗಿದ್ದಾಗ ಈ ಪರೀಕ್ಷೆ ಸುಲಭವಾಗಿ ಪಾಸಾಗುತ್ತದೆ. ಬೋರಿನಿಂದ ಬಂದ ಕಲ್ಲಿನ ತುಂಡು ಇಡುವ ಕೋರ್ ಪೆಟ್ಟಿಗೆಯಿಂದ ಒಂದು ಮುಷ್ಟಿಯಷ್ಟು ತುಂಡು ತೆಗೆದು ಬಕೆಟ್ ನೀರಿಗೆ ಹಾಕಿ ಬೆಳಗಿನವರೆಗೆ ಬಿಡಿ. ಮೊದಲು ಗುಳ್ಳೆ ಬರುತ್ತವೆ, ಆಮೇಲೆ ಅಂಚಿನ ಪದರು ಬಿಚ್ಚಿಕೊಳ್ಳುತ್ತದೆ. ಬೆಳಗ್ಗೆ ಬಕೆಟ್ಟಿನ ತಳದಲ್ಲಿ ಬರೀ ಕೆಸರು ಇದ್ದರೆ ಅದನ್ನು ಕಲ್ಲು ಅಂತ ಲೆಕ್ಕಕ್ಕೆ ತಗೋಬೇಡಿ, ವರದಿ ಏನೇ ಹೇಳಲಿ.

ಪದರುಗಳ ದಿಕ್ಕನ್ನೂ ನೋಡಿ. ಈ ಪಟ್ಟಿಯಲ್ಲಿ ಪದರುಗಳು ಸಾಮಾನ್ಯವಾಗಿ ಉತ್ತರ ವಾಯವ್ಯದಿಂದ ದಕ್ಷಿಣ ಆಗ್ನೇಯಕ್ಕೆ, ಕಡಿದಾಗಿ ನಿಂತಿವೆ. ಅವನ್ನು ಅಡ್ಡ ಕೊಯ್ದು ಹೋಗುವ ಸುರಂಗ ಪರವಾಗಿಲ್ಲ. ಪದರಿನ ಉದ್ದಕ್ಕೇ ಹೋಗುವ ಸುರಂಗದಲ್ಲಿ ಒಂದು ಪಕ್ಕದ ಗೋಡೆ ಹಲಗೆ ಹಲಗೆಯಾಗಿ ಕಳಚಿಕೊಳ್ಳುತ್ತದೆ.

ಹಂತ 3: ಮೊದಲು ನೀರು

ಸೈಟಿನಲ್ಲಿ ಹಣ ಖರ್ಚು ಮಾಡಲು ಒಂದೇ ಅವಕಾಶ ಇದೆ ಅಂದರೆ ನಾನು ನೀರಿನ ಮೇಲೆ ಮಾಡುತ್ತೇನೆ. ನೀರು ಹೋದ ಮರಳು ಅರ್ಧ ಗೆದ್ದ ಹಾಗೆ.

ಮೇಲಿನಿಂದ ಶುರು ಮಾಡಿ. ಪೋರ್ಟಲ್ ಮೇಲಿನ ಇಳಿಜಾರಿನಲ್ಲಿ ಮಳೆನೀರು ತಿರುಗಿಸುವ ಚರಂಡಿ, ಒಳಗೆ ಕಾಂಕ್ರೀಟ್ ಹಾಸಿ. ಬಿರುಕುಗಳನ್ನು ಮುಚ್ಚಿ. ಇದು ಯಾರಿಗೂ ಕಾಣದ ಕೆಲಸ, ಅದಕ್ಕೇ ಯಾವಾಗಲೂ ಕೊನೆಗೆ ಉಳಿಯುತ್ತದೆ.

ಆಳ ಕಮ್ಮಿ ಇದ್ದರೆ ವೆಲ್ ಪಾಯಿಂಟ್ (ನೆಲಕ್ಕೆ ಸಾಲಾಗಿ ಇಳಿಸುವ ಸಣ್ಣ ತೂತು ಪೈಪುಗಳು) ಸಾಕು. ಅದು ಹೀರುವ ಪಂಪಿನಿಂದ ನಡೆಯುವುದರಿಂದ ಒಂದು ಹಂತಕ್ಕೆ ಸುಮಾರು 5–6 ಮೀಟರಿಗಿಂತ ಕೆಳಗೆ ಎಳೆಯಲಾರದು. ಅದಕ್ಕಿಂತ ಆಳಕ್ಕೆ ಸುರಂಗದ ಎರಡೂ ಪಕ್ಕ ಬೋರ್ ಕೊರೆದು ಸಬ್‌ಮರ್ಸಿಬಲ್ ಪಂಪ್ ಇಳಿಸಬೇಕು. ಬೋರ್ ಪೈಪಿನ ಸುತ್ತ ಜಲ್ಲಿ ಮರಳಿನ ಸೋಸುಪದರ ಕಡ್ಡಾಯ. ಅದಿಲ್ಲದಿದ್ದರೆ ನೀರಿನ ಜೊತೆ ಮಣ್ಣನ್ನೂ ಎಳೆಯುತ್ತೀರಿ, ಮೇಲಿನ ಮನೆಗೆ ಬಿರುಕು ಬರುತ್ತದೆ. ಅಕ್ಕಪಕ್ಕದವರ ಬೋರ್‌ವೆಲ್ ನೀರಿನ ಮಟ್ಟ, ಮನೆ ಗೋಡೆಗಳ ಫೋಟೊ ಮೊದಲೇ ತೆಗೆದಿಡಿ. ಆಮೇಲೆ ಜಗಳಕ್ಕೆ ಬಂದರೆ ಬೇಕಾಗುತ್ತದೆ.

ಒಳಗಿನಿಂದ, ಅಗೆಯುವ ಮುಖದಲ್ಲಿ ಮುಂದಕ್ಕೆ ಉದ್ದ ರಂಧ್ರ ಕೊರೆದು, ತೂತು ಮಾಡಿದ ಪಿವಿಸಿ ಪೈಪಿಗೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ) ಸುತ್ತಿ ತೂರಿಸಿ. ನೀರು ಈ ಪೈಪಿನಿಂದ ಬರಲಿ, ಮಣ್ಣಿನಿಂದ ಬೇಡ. ಹಾಗೇ ಮುಂದೆ ಏನಿದೆ ಅಂತ ತಿಳಿಯಲು ಪ್ರೋಬ್ ರಂಧ್ರವೂ ಬೇಕು. ಡ್ರಿಲ್ಲಿನವರು ಕೊಡುವ ಸುದ್ದಿಗೆ ಕಿವಿ ಕೊಡಿ. ರಾಡ್ ಇದ್ದಕ್ಕಿದ್ದಂತೆ ಸಲೀಸಾಗಿ ನುಗ್ಗಿತೇ? ವಾಪಸ್ ಬರುವ ನೀರು ನಿಂತಿತೇ? ಬಣ್ಣ ಬದಲಾಯಿತೇ? ನಮ್ಮ ಸೈಟುಗಳಲ್ಲಿ ಡ್ರಿಲ್ಲಿನವರಲ್ಲಿ ಜಾರ್ಖಂಡ್, ಒಡಿಶಾದ ಹುಡುಗರು ಜಾಸ್ತಿ. "ಸಾಬ್, ಪಾನಿ ಗಂದಾ ಆ ರಹಾ ಹೈ" (ಸಾರ್, ನೀರು ಕದಡಿ ಬರ್ತಾ ಇದೆ) ಅಂತ ಒಬ್ಬ ಬಂದು ಹೇಳಿದರೆ ಕುರ್ಚಿಯಿಂದ ಏಳಬೇಕು. ಸುರಂಗದಲ್ಲಿ ಎಷ್ಟು ನೀರು ಬರುತ್ತದೆ ಅನ್ನೋದಕ್ಕಿಂತ ನೀರು ಯಾವ ಬಣ್ಣದ್ದು ಅನ್ನೋದು ಮುಖ್ಯ. ತಿಳಿನೀರು ಧಾರಾಕಾರವಾಗಿ ಬಂದರೂ ಪಂಪು ಹಾಕಿ ನಿಭಾಯಿಸಬಹುದು. ಕದಡಿದ ನೀರು ಸಣ್ಣ ಧಾರೆಯಾಗಿ ಬಂದರೂ, ಒಳಗೆಲ್ಲೋ ಮಣ್ಣು ಕೊಚ್ಚಿ ಪೊಳ್ಳಾಗುತ್ತಿದೆ ಅಂತ ಅರ್ಥ.

ಜೇಡಿಯಲ್ಲಿ ಪಂಪು ಹಾಕಿ ಕಾಯುತ್ತಾ ಕೂರಬೇಡಿ. ಅದು ನೀರು ಬಿಡುವುದು ತುಂಬಾ ನಿಧಾನ.

ಹಂತ 4: ಅಗೆಯುವ ಮೊದಲು ಮಾಡು ಹಾಕಿ

ಮುಂದೆ ಅಗೆಯಬೇಕಾದ ಜಾಗದ ಮೇಲೆ, ಕಮಾನಿನ ಆಕಾರದಲ್ಲಿ, ಈಗಲೇ ಒಂದು ಮಾಡು ಕಟ್ಟಬೇಕು. ಎರಡು ದಾರಿ ಇವೆ.

ಮಣ್ಣು ಸ್ವಲ್ಪ ಹೊತ್ತು ನಿಲ್ಲುವಂತಿದ್ದರೆ ಫೋರ್‌ಪೋಲಿಂಗ್ ಸಾಕು. 25 ಅಥವಾ 32 ಎಂ.ಎಂ. ಕಬ್ಬಿಣದ ಸರಳು, ಇಲ್ಲವೇ ಸಣ್ಣ ಪೈಪು, 3–4 ಮೀಟರ್ ಉದ್ದ, ಕೊನೆಯ ರಿಬ್ಬಿನ (ಕಮಾನಿನಂತೆ ಬಗ್ಗಿಸಿದ ಉಕ್ಕಿನ ಆಧಾರ) ಮೇಲಿನಿಂದ ಮುಂದಕ್ಕೆ ಸ್ವಲ್ಪ ಮೇಲ್ಮುಖವಾಗಿ ಹೊಡೆಯುವುದು. ಪ್ರತಿ ಒಂದೆರಡು ಅಗೆತಕ್ಕೂ ಹೊಸ ಸಾಲು.

ಮಣ್ಣು ಅಷ್ಟೂ ನಿಲ್ಲದಿದ್ದರೆ ಪೈಪ್ ರೂಫ್. 76ರಿಂದ 114 ಎಂ.ಎಂ. ವ್ಯಾಸದ ಉಕ್ಕಿನ ಪೈಪು, 12–15 ಮೀಟರ್ ಉದ್ದ, ಪಕ್ಕ ಪಕ್ಕಕ್ಕೆ 30–40 ಸೆಂ.ಮೀ ಅಂತರ, ಸುಮಾರು 5 ಡಿಗ್ರಿ ಮೇಲ್ಮುಖ. ಪೈಪಿಗೆ ಅಲ್ಲಲ್ಲಿ ತೂತು ಇರುತ್ತದೆ. ಅದರ ಮೂಲಕ ಸಿಮೆಂಟ್ ಹಾಲು ಒತ್ತಿದರೆ ಪೈಪಿನ ಒಳಗೂ ಸುತ್ತಲೂ ತುಂಬಿಕೊಳ್ಳುತ್ತದೆ. 12 ಮೀಟರ್ ಪೈಪು ಹಾಕಿದರೆ 8–9 ಮೀಟರ್ ಮಾತ್ರ ಅಗೆದು ನಿಲ್ಲಿಸಬೇಕು. ಉಳಿದ 3–4 ಮೀಟರ್ ಮುಂದಿನ ಸಾಲಿನ ಕೆಳಗೆ ಸಿಗಬೇಕು. "ಇನ್ನೊಂದು ಮೀಟರ್ ಹೋಗಿಬಿಡೋಣ ಸಾರ್, ಏನೂ ಆಗಲ್ಲ" ಅಂತ ಮೇಸ್ತ್ರಿ ಹೇಳುವುದು ಇಲ್ಲೇ. ಆ ಒಂದು ಮೀಟರಿನಲ್ಲಿ ಪೈಪಿನ ತುದಿಗೆ ಮುಂದೆ ಆಧಾರವೇ ಇರುವುದಿಲ್ಲ. ಮೇಸ್ತ್ರಿ ಎಷ್ಟೇ ಹಳಬನಿರಲಿ, ಬೇಡ ಅನ್ನಿ.

ಪೋರ್ಟಲಿನಲ್ಲಿ ಮಾತ್ರ ಚೌಕಾಸಿ ಬೇಡ. ಅಲ್ಲಿ ಮೇಲಿನ ಮಣ್ಣು ತೆಳು, ಕಮಾನಿನ ಹಾಗೆ ಹೊರೆ ಹಂಚಿಕೊಳ್ಳಲು ಆಗುವುದಿಲ್ಲ. ಪೈಪ್ ರೂಫ್ ಹಾಕಿಯೇ ಒಳಗೆ ಹೋಗಿ.

ಗ್ರೌಟಿಂಗ್: ಯಾವ ಮಣ್ಣಿಗೆ ಯಾವುದು

ಗ್ರೌಟಿಂಗ್ ಅಂದರೆ ಎಲ್ಲದಕ್ಕೂ ಸಿಮೆಂಟ್ ಹಾಲು ಒತ್ತುವುದು ಅಂತ ನಮ್ಮಲ್ಲಿ ಒಂದು ನಂಬಿಕೆ. ಸಾಮಾನ್ಯ ಸಿಮೆಂಟಿನ ದೊಡ್ಡ ಕಣಗಳು 80–100 ಮೈಕ್ರಾನ್ ಇರುತ್ತವೆ. ಜಲ್ಲಿಗೆ, ದಪ್ಪ ಮರಳಿಗೆ, ಕಲ್ಲಿನ ಬಿರುಕಿಗೆ ಅದು ಹೋಗುತ್ತದೆ. ಸಣ್ಣ ಮರಳಿಗೆ ಹೋಗುವುದಿಲ್ಲ, ಬಾಯಲ್ಲೇ ಕಟ್ಟಿಕೊಳ್ಳುತ್ತದೆ. ಮಧ್ಯಮ ಮರಳಿಗೆ ಮೈಕ್ರೋಫೈನ್ ಸಿಮೆಂಟ್, ಅದಕ್ಕಿಂತ ಸಣ್ಣದಕ್ಕೆ ಸೋಡಿಯಂ ಸಿಲಿಕೇಟಿನಂಥ ರಾಸಾಯನಿಕ. ಜೋರಾಗಿ ನುಗ್ಗುವ ನೀರನ್ನು ತಡೆಯಲು ಪಾಲಿಯುರಿಥೇನ್, ನೀರು ತಾಗಿದ ಕೂಡಲೇ ನೊರೆಯಾಗಿ ಉಬ್ಬಿ ಮುಚ್ಚಿಕೊಳ್ಳುತ್ತದೆ. ಬೆಲೆ ಕೇಳಿದರೆ ಗುತ್ತಿಗೆದಾರರ ಮುಖ ಬಾಡುತ್ತದೆ. ಆದರೂ ಒಂದೆರಡು ಡ್ರಮ್ ಸ್ಟೋರಿನಲ್ಲಿ ಇರಲೇಬೇಕು. ಬೇಕಾದ ರಾತ್ರಿ ಅದನ್ನು ಬೆಂಗಳೂರಿನಿಂದ ತರಿಸುವಷ್ಟು ಹೊತ್ತು ಸಿಗುವುದಿಲ್ಲ.

ಜೇಡಿಗೆ, ಎರೆಮಣ್ಣಿಗೆ ಯಾವ ಗ್ರೌಟೂ ಇಂಗುವುದಿಲ್ಲ. ಒತ್ತಿದರೆ ಮಣ್ಣನ್ನು ಸೀಳಿ ಎಲ್ಲೋ ಹೊರಗೆ ಬರುತ್ತದೆ. ಅಂಥ ಕಡೆ ಮೇಲಿನಿಂದ ಜೆಟ್ ಗ್ರೌಟಿಂಗ್ ಮಾಡುತ್ತಾರೆ. ಸುಮಾರು 400 ಬಾರ್ ಒತ್ತಡದ ಧಾರೆ ಮಣ್ಣನ್ನೇ ಕೊಯ್ದು, ಸಿಮೆಂಟ್ ಜೊತೆ ಕಲಸಿ ನೆಲದೊಳಗೆ ಕಂಬ ಮಾಡುತ್ತದೆ. ದೊಡ್ಡ ಯಂತ್ರ, ದೊಡ್ಡ ಖರ್ಚು. ಪೋರ್ಟಲಿನ ಹತ್ತಿರ ಎರೆಮಣ್ಣು ಎರಡು ಮೂರು ಮೀಟರ್ ಮಾತ್ರ ಇದ್ದರೆ ಅದನ್ನು ತೆಗೆದುಹಾಕಿ ಗರಸು ತುಂಬಿ ರೋಲರ್ ಹೊಡೆಸುವುದೇ ಜಾಣತನ. ತೆಗೆಯಲು ಆಗದಿದ್ದರೆ ಸುಣ್ಣ ಬೆರೆಸಿ. ಎಷ್ಟು ಅನ್ನೋದನ್ನು ಲ್ಯಾಬ್ ಹೇಳಲಿ, ಸಾಮಾನ್ಯವಾಗಿ ಮಣ್ಣಿನ ತೂಕದ 3–6% ಬೀಳುತ್ತದೆ.

ಸಿಮೆಂಟ್ ಗ್ರೌಟ್ ಮಾಡುವ ರೀತಿ ಇದು. ತೆಳ್ಳಗೆ ಶುರು ಮಾಡಿ, ತೂಕದಲ್ಲಿ 5 ಪಾಲು ನೀರಿಗೆ 1 ಪಾಲು ಸಿಮೆಂಟ್. ಸಲೀಸಾಗಿ ಕುಡಿಯುತ್ತಿದ್ದರೆ ಮೆಲ್ಲಗೆ 3ಕ್ಕೆ, 2ಕ್ಕೆ, 1ಕ್ಕೆ ಇಳಿಸುತ್ತಾ ಬನ್ನಿ. ಸಿಮೆಂಟ್ ತಳಕ್ಕೆ ಕೂರದಂತೆ ಸ್ವಲ್ಪ ಬೆಂಟೊನೈಟ್ ಸೇರಿಸಿ. ಮಿಕ್ಸರ್ ನಿಲ್ಲಿಸಬೇಡಿ. ಒಂದು ರಂಧ್ರ ಬಿಟ್ಟು ಒಂದಕ್ಕೆ ಒತ್ತಿ, ಆಮೇಲೆ ನಡುವಿನವು. ಒತ್ತಡಕ್ಕೆ ಹಳೆಯ ಅಂದಾಜು ಏನೆಂದರೆ ಮೇಲಿನ ಮಣ್ಣಿನ ಪ್ರತಿ ಮೀಟರ್ ದಪ್ಪಕ್ಕೆ ಚ.ಸೆಂ.ಮೀಗೆ ಸುಮಾರು 0.2 ಕೆ.ಜಿ. ಅದಕ್ಕಿಂತ ಜಾಸ್ತಿ ಒತ್ತಿದರೆ ಮಣ್ಣು ಗಟ್ಟಿಯಾಗುವ ಬದಲು ಎದ್ದು ಬಿರಿಯುತ್ತದೆ. ಗೇಜಿನ ಮುಳ್ಳು ಏರುತ್ತಾ ಇದ್ದು ತಟಕ್ಕನೆ ಬಿದ್ದರೆ ಗ್ರೌಟ್ ಎಲ್ಲೋ ದಾರಿ ಮಾಡಿಕೊಂಡಿದೆ ಅಂತ. ನಿಲ್ಲಿಸಿ, ಒಬ್ಬರನ್ನು ಮೇಲಕ್ಕೆ ಕಳಿಸಿ. ಹೊಲದ ಬದುವಿನಲ್ಲಿ, ಪಕ್ಕದ ಬಾವಿಯಲ್ಲಿ ಸಿಮೆಂಟ್ ಹಾಲು ಹೊರಟಿರುವುದು ಎಷ್ಟೋ ಸಲ ಕಾಣಸಿಗುತ್ತದೆ.

ಎಷ್ಟು ಚೀಲ ಹೋಯಿತು ಅನ್ನುವುದರಿಂದ ಗ್ರೌಟಿಂಗ್ ಯಶಸ್ಸು ತಿಳಿಯುವುದಿಲ್ಲ. ಬಿಲ್ಲು ಬರೆಯುವವರಿಗೆ ಅದೇ ಇಷ್ಟ, ಇರಲಿ. ನಡುವೆ ಹೊಸ ರಂಧ್ರ ಕೊರೆದು ನೀರು ಎಷ್ಟು ಬರುತ್ತದೆ, ತುಂಡು ಹೇಗೆ ಸಿಗುತ್ತದೆ ನೋಡಿ. ಆಮೇಲೆ ಅಗೆಯಲು ಅಪ್ಪಣೆ ಕೊಡಿ.

ಹಂತ 5: ಚಿಕ್ಕದಾಗಿ ಅಗೆಯಿರಿ, ಕೂಡಲೇ ಮುಚ್ಚಿರಿ

ಪೂರ್ತಿ ಮುಖವನ್ನು ಒಂದೇ ಸಲ ತೆರೆಯಬೇಡಿ. ಮೇಲಿನ ಅರ್ಧ ಮೊದಲು, ಅದಕ್ಕೆ ಹೆಡಿಂಗ್ ಅಂತಾರೆ. ಕೆಳಗಿನ ಅರ್ಧ ಬೆಂಚ್, ಅದು ಆಮೇಲೆ. ಹೆಡಿಂಗಿನಲ್ಲೂ ಅಂಚಿನ ಸುತ್ತ ಕಮಾನಿನಷ್ಟು ಮಾತ್ರ ಅಗೆದು, ನಡುವೆ ಒಂದು ಗುಡ್ಡೆ ಮಣ್ಣು ಬಿಡಿ. ಮುಖ ಮುಂದಕ್ಕೆ ಬೀಳದಂತೆ ಅದು ಒತ್ತಿ ಹಿಡಿದಿರುತ್ತದೆ. ಒಂದು ಸಲಕ್ಕೆ 0.5ರಿಂದ 1 ಮೀಟರ್ ಸಾಕು. ಸಿಡಿಮದ್ದು ಬೇಡ, ಯಂತ್ರದ ಬಕೆಟ್ ಇಲ್ಲವೇ ಬ್ರೇಕರ್ ಸಾಕು.

ಅಗೆದ ಕೂಡಲೇ 50 ಎಂ.ಎಂ. ಶಾಟ್‌ಕ್ರೀಟ್. ಮಾಡಿಗೂ ಮುಖಕ್ಕೂ. ಮಣ್ಣು ಸಾಗಿಸುವುದು ಆಮೇಲೆ ಇದ್ದೇ ಇದೆ. ನೀರು ಜಿನುಗುತ್ತಿರುವ ಜಾಗಕ್ಕೆ ನೇರವಾಗಿ ಹೊಡೆದರೆ ಹಿಡಿಯುವುದಿಲ್ಲ, ಹೆಂಟೆಯಾಗಿ ಕಳಚಿ ಬೀಳುತ್ತದೆ. ಮೊದಲು ಒಂದು ಪೈಪು ತೂರಿಸಿ ನೀರಿಗೆ ದಾರಿ ಕೊಡಿ, ಸುತ್ತ ಹೊಡೆಯಿರಿ. ಆಮೇಲೆ ಜಾಲರಿ, ರಿಬ್ ಅಥವಾ ಲ್ಯಾಟಿಸ್ ಗರ್ಡರ್ (ಸರಳುಗಳಿಂದ ಹೆಣೆದ ಕಮಾನು), ಮತ್ತೆ ಶಾಟ್‌ಕ್ರೀಟ್.

ರಿಬ್ಬಿನ ಎರಡು ಜಾಗ ನೀವೇ ಹೋಗಿ ನೋಡಬೇಕು. ಒಂದು ಅದರ ಕಾಲು. ಕೆಸರಿನ ಮೇಲೆ, ಸಡಿಲ ಮಕ್ಕಿನ (ಅಗೆದು ಹಾಕಿದ ಮಣ್ಣಿನ) ಮೇಲೆ ರಿಬ್ ನಿಲ್ಲಿಸಿ ಬೋಲ್ಟ್ ಬಿಗಿದರೆ ಇಡೀ ಕಮಾನು ಕೆಳಗೆ ಕೂರುತ್ತದೆ. ಕಾಲಿನ ಕೆಳಗೆ ಕೆರೆದು, ಕಾಂಕ್ರೀಟ್ ಬ್ಲಾಕ್ ಅಥವಾ ಅಗಲ ಪ್ಲೇಟ್ ಇಡಿ. ಮಣ್ಣು ತೀರಾ ಮೆತ್ತಗಿದ್ದರೆ ಶಾಟ್‌ಕ್ರೀಟ್ ಕಾಲನ್ನೇ ಆನೆಕಾಲಿನ ಹಾಗೆ ಅಗಲ ಮಾಡಬೇಕು. ಇನ್ನೊಂದು ಅದರ ಬೆನ್ನು. ರಿಬ್ಬಿಗೂ ಮಣ್ಣಿಗೂ ನಡುವೆ ಪೊಳ್ಳು ಇದ್ದರೆ ಆ ರಿಬ್ ಏನೂ ಹೊತ್ತಿಲ್ಲ. ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಡಬಡಬ ಅಂದರೆ ಒಳಗೆ ಖಾಲಿ. ಮರದ ತುಂಡು, ಗೋಣಿಚೀಲ ತುರುಕಿ ಮೇಲೆ ಶಾಟ್‌ಕ್ರೀಟ್ ಬಳಿದು ಮುಚ್ಚಿರುವುದು ಹೊರಗೆ ಕಾಣುವುದಿಲ್ಲ, ಸದ್ದಿನಲ್ಲಿ ಸಿಕ್ಕಿಬೀಳುತ್ತದೆ.

ಬೆಂಚ್ ತೆಗೆಯುವಾಗ ಎರಡೂ ಪಕ್ಕ ಒಟ್ಟಿಗೆ ತೆಗೆಯಬೇಡಿ. ಎದುರುಬದುರು ರಿಬ್ ಕಾಲುಗಳು ಒಂದೇ ಹೊತ್ತಿಗೆ ಗಾಳಿಯಲ್ಲಿ ನೇತಾಡಬಾರದು. ತಳವನ್ನೂ ಕಮಾನಿನಂತೆ ಕಾಂಕ್ರೀಟ್ ಹಾಕಿ ಆದಷ್ಟು ಬೇಗ ಉಂಗುರ ಮುಚ್ಚಿ. ಹಿಂಡುವ ಮಣ್ಣಿನಲ್ಲಿ ಮುಖದಿಂದ ಸುರಂಗದ ಒಂದು ಅಗಲದಷ್ಟು ದೂರದೊಳಗೆ ಇದು ಆಗಬೇಕು. ಲಾರಿ ಓಡಾಟಕ್ಕೆ ತೊಂದರೆ ಅಂತ ತಳ ಮುಂದೂಡುವುದು ಎಲ್ಲ ಕಡೆ ನಡೆಯುತ್ತದೆ. ಉಂಗುರ ಮುಚ್ಚುವ ತನಕ ಗೋಡೆಗಳು ಒಳಕ್ಕೆ ಬರುತ್ತಲೇ ಇರುತ್ತವೆ.

ಹಂತ 6: ದಿನಾ ಅಳೆಯಿರಿ

ಮುಖದಿಂದ ಒಂದೆರಡು ಮೀಟರ್ ಹಿಂದೆಯೇ ಮಾಡಿಗೂ ಎರಡು ಗೋಡೆಗೂ ಗುರುತಿನ ಬೋಲ್ಟ್ ಹಾಕಿ. ಟೋಟಲ್ ಸ್ಟೇಷನ್ ಅಥವಾ ಟೇಪಿನಿಂದ ದಿನಾ ಅಳೆಯಿರಿ, ಹೊಸ ಅಗೆತದ ಮೊದಲು. ಮೇಲೆ ನೆಲದಲ್ಲೂ ಗೂಟ ಇರಲಿ. ಒಟ್ಟು ಎಷ್ಟು ಎಂ.ಎಂ. ಬಂತು ಅನ್ನೋದಕ್ಕಿಂತ, ದಿನದಿಂದ ದಿನಕ್ಕೆ ಕಮ್ಮಿ ಆಗುತ್ತಿದೆಯಾ ಅಂತ ನೋಡಿ. ನಿನ್ನೆ 4, ಇವತ್ತು 3, ನಾಳೆ 1 ಅಂದರೆ ನೆಲ ಶಾಂತವಾಗುತ್ತಿದೆ. 2, 3, 5 ಅಂತ ಏರಿದರೆ ಅಗೆತ ನಿಲ್ಲಿಸಿ, ಹಿಂದಿನ ಭಾಗಕ್ಕೆ ಇನ್ನಷ್ಟು ಶಾಟ್‌ಕ್ರೀಟ್, ಬೋಲ್ಟ್ ಕೊಟ್ಟು ತಳ ಮುಚ್ಚಿ. ಗ್ರಾಫನ್ನು ಕಂಪ್ಯೂಟರಿನಲ್ಲಿ ಇಟ್ಟರೆ ಯಾರೂ ನೋಡಲ್ಲ. ಪೋರ್ಟಲ್ ಹತ್ತಿರ ಬೋರ್ಡಿಗೆ ಅಂಟಿಸಿ, ಶಿಫ್ಟಿಗೆ ಹೋಗುವ ಎಲ್ಲರಿಗೂ ಕಾಣಲಿ.

ಮುಖ ಬಿದ್ದೇ ಬಿಟ್ಟರೆ

ಜನ ಮೊದಲು ಹೊರಗೆ. ಯಂತ್ರ ಅಲ್ಲೇ ಇರಲಿ.

ಆಮೇಲಿನ ಮಾತು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಬಿದ್ದ ಮಣ್ಣನ್ನು ತೆಗೆಯಬೇಡಿ. ಈಗ ಆ ಮಣ್ಣೇ ಮೇಲಿನದಕ್ಕೆ ಆಧಾರ. ಹಿಂದಿನ ಭಾಗ ಗಟ್ಟಿಯಿದ್ದರೆ ಇನ್ನಷ್ಟು ಮಕ್ಕು ತಂದು ಅದಕ್ಕೆ ಒತ್ತಿ, ಮೇಲೆ ಶಾಟ್‌ಕ್ರೀಟ್ ಹೊಡೆದು ಮುಚ್ಚಿ. ನೀರಿಗೆ ಪೈಪಿನ ದಾರಿ ಕೊಡಿ. ಹಿಂದಿನ ರಿಬ್ಬುಗಳನ್ನು ಬಲಪಡಿಸಿ. ಮೇಲೆ ಪೊಳ್ಳು ಎಷ್ಟಿದೆ ಅಂತ ಕೊರೆದು ತಿಳಿದು, ಕಾಂಕ್ರೀಟ್ ಅಥವಾ ಗ್ರೌಟಿನಿಂದ ತುಂಬಿ. ಬಿದ್ದ ರಾಶಿಯೊಳಗೇ ಪೈಪ್ ರೂಫ್ ತೂರಿಸಿ, ಗ್ರೌಟ್ ಮಾಡಿ, ಆಮೇಲೆ ಇಂಚಿಂಚಾಗಿ ಮುಂದೆ ಹೋಗಬೇಕು.

ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 2023ರ ನವೆಂಬರ್ 12ರಂದು ಕುಸಿದಾಗ 41 ಜನ ಒಳಗೆ ಸಿಕ್ಕಿಕೊಂಡರು. ಮೊದಲು ಅವಶೇಷ ತೆಗೆಯಲು ಹೋದರು, ತೆಗೆದಷ್ಟೂ ಮೇಲಿನಿಂದ ಬಿತ್ತು. ಕೊನೆಗೆ ರಾಶಿಯ ನಡುವೆ ಉಕ್ಕಿನ ಪೈಪು ತಳ್ಳಿ, ಯಂತ್ರ ಸೋತ ಕಡೆಯ ಕೆಲವು ಮೀಟರನ್ನು ಕೈಯಿಂದ ಅಗೆದು ನವೆಂಬರ್ 28ರಂದು ಎಲ್ಲರನ್ನೂ ಹೊರತಂದರು. ತೆಲಂಗಾಣದ ಎಸ್‌ಎಲ್‌ಬಿಸಿ (ಶ್ರೀಶೈಲಂ ಎಡದಂಡೆ ಕಾಲುವೆ) ಸುರಂಗದಲ್ಲಿ 2025ರ ಫೆಬ್ರುವರಿ 22ರಂದು ನೀರು, ಕೆಸರು ಒಟ್ಟಿಗೆ ನುಗ್ಗಿ 8 ಜನ ಸಿಕ್ಕಿಕೊಂಡರು. ಅಲ್ಲಿ ಇಂಥ ಅದೃಷ್ಟ ಇರಲಿಲ್ಲ.

ಹಾಗಾಗಿ ಸಡಿಲ ಭಾಗ ದಾಟುವಾಗ, ಜನ ತೂರಿಕೊಂಡು ಬರುವಷ್ಟು ಅಗಲದ ಉಕ್ಕಿನ ಪೈಪನ್ನು ಗೋಡೆ ಬದಿಗೆ ಮುಖದ ಹತ್ತಿರದವರೆಗೂ ಇಡಿ. ಕೆಲಸ ಮುಂದೆ ಹೋದಂತೆ ಅದೂ ಮುಂದೆ ಹೋಗಲಿ. ಒಳಗೆ ಹೋದವರ ಹೆಸರಿನ ಟೋಕನ್ ಪೋರ್ಟಲಿನ ಬೋರ್ಡಿನಲ್ಲಿರಲಿ. ಸುರಂಗ ಕೆಲಸದ ಸುರಕ್ಷತೆಗೆ ಐಎಸ್ 4756, ನೀರಿನ ಸುರಂಗ ಕಟ್ಟುವುದಕ್ಕೆ ಐಎಸ್ 5878 ಇವೆ. ಎರಡೂ ಸೈಟ್ ಆಫೀಸಿನ ಮೇಜಿನ ಮೇಲೆ ಇರಲಿ.

ರಸ್ತೆ, ಹಳಿ ಕೆಳಗಿನ ಸಣ್ಣ ಕೆಲಸ

ಬಾಕ್ಸ್ ಅಥವಾ ಹ್ಯೂಮ್ ಪೈಪ್ ತಳ್ಳುವುದನ್ನು ಸುರಂಗ ಅಂತ ಯಾರೂ ಎಣಿಸುವುದಿಲ್ಲ, ಅದಕ್ಕೇ ಅಲ್ಲಿ ಎಚ್ಚರಿಕೆ ಕಮ್ಮಿ. ಮೇಲಿನ ಮಣ್ಣಿನ ಹೊದಿಕೆ ಅಲ್ಲಿ ತೀರಾ ತೆಳು, ಮೇಲೆ ರೈಲು ಓಡುತ್ತಿರುತ್ತದೆ. ನಿಯಮ ಒಂದೇ. ಮೊದಲು ಜಾಕ್ ತಳ್ಳಿ ಮುಂದಿನ ಕತ್ತರಿಸುವ ಅಂಚನ್ನು ಮಣ್ಣಿನೊಳಗೆ ಕೂರಿಸಿ, ಆಮೇಲೆ ಆ ಅಂಚಿನ ಒಳಗಿನ ಮಣ್ಣು ಮಾತ್ರ ತೆಗೆಯಿರಿ. ತಳ್ಳಲು ಸುಲಭ ಆಗಲಿ ಅಂತ ಅಂಚಿನ ಮುಂದಕ್ಕೆ ಗುದ್ದಲಿ ಹಾಕಿದರೆ ಹಳಿ ಕೂರುತ್ತದೆ. ಹಳಿಗೆ ತಾತ್ಕಾಲಿಕ ಗರ್ಡರ್, ರೈಲಿಗೆ ವೇಗದ ಮಿತಿ ಇಲ್ಲದೆ ಶುರು ಮಾಡಬೇಡಿ. ರಾತ್ರಿ ನಿಲ್ಲಿಸುವಾಗ ಮುಖಕ್ಕೆ ಹಲಗೆ, ಮರಳುಚೀಲ ಒತ್ತಿ ಮುಚ್ಚಿ ಹೋಗಿ. ನಗರದೊಳಗಾದರೆ ಹಳೇ ಚರಂಡಿ, ಕುಡಿಯುವ ನೀರಿನ ಪೈಪು ಎಲ್ಲಿವೆ ಅಂತ ಮೊದಲು ಗುಂಡಿ ತೋಡಿ ನೋಡಿ. ಎಷ್ಟೋ ಕಡೆ ಸೋರುವ ಪೈಪೇ ಮಣ್ಣನ್ನು ಮೆತ್ತಗೆ ಮಾಡಿರುತ್ತದೆ, ಅದನ್ನು ರಿಪೇರಿ ಮಾಡಿಸಿದರೆ ಗ್ರೌಟಿಂಗೇ ಬೇಕಾಗದಿರಬಹುದು.

ಟೆಂಡರಿನ ಮಾತು

ಪೈಪ್ ರೂಫ್, ಗ್ರೌಟ್, ಪ್ರೋಬ್ ರಂಧ್ರ, ಡ್ರೈನ್ ಪೈಪು, ಇವಕ್ಕೆ ಬಿಒಕ್ಯೂನಲ್ಲಿ (ಟೆಂಡರಿನ ಕೆಲಸ, ಪ್ರಮಾಣ, ದರಗಳ ಪಟ್ಟಿಯಲ್ಲಿ) ಪ್ರತ್ಯೇಕ ಐಟಂ ಇದೆಯಾ ಅಂತ ಕೆಲಸಕ್ಕೆ ಇಳಿಯುವ ಮೊದಲು ನೋಡಿ. ಇಲ್ಲದಿದ್ದರೆ ಆಗಲೇ ಕೇಳಿ ಹಾಕಿಸಿ. ದರ ಇಲ್ಲದ ಕೆಲಸವನ್ನು ಯಾವ ಗುತ್ತಿಗೆದಾರನೂ ಮನಸಿಟ್ಟು ಮಾಡುವುದಿಲ್ಲ. ಮೀಟರ್ ಲೆಕ್ಕದಲ್ಲಿ ಮಾತ್ರ ದುಡ್ಡು ಸಿಕ್ಕರೆ ಮೀಟರೇ ಓಡುತ್ತದೆ.

ಕೊನೆಯ ಲೈನಿಂಗ್ ಕಾಂಕ್ರೀಟ್ ಹಾಕಿದ ಮೇಲೂ ಮಾಡಿನ ಹತ್ತಿರ ಸ್ವಲ್ಪ ಜಾಗ ಖಾಲಿ ಉಳಿಯುತ್ತದೆ. ಕಾಂಕ್ರೀಟ್ ಗಟ್ಟಿಯಾದ ಮೇಲೆ, ಮೊದಲೇ ಬಿಟ್ಟ ಪೈಪುಗಳಿಂದ ಅದನ್ನು ಗ್ರೌಟ್ ಮಾಡಿ ತುಂಬಿ. ರೈಲು, ರಸ್ತೆಯ ಸುರಂಗವಾದರೆ ಪಕ್ಕದ ನೀರು ಬಸಿಯುವ ಪೈಪುಗಳ ಬಾಯಿ ಗ್ರೌಟಿನಿಂದ ಕಟ್ಟಿಕೊಂಡಿಲ್ಲ ಅಂತ ಒಂದೊಂದಕ್ಕೂ ಸರಳು ತೂರಿಸಿ ನೋಡಿ. ಮೊದಲ ಮಳೆಗಾಲ ಮುಗಿದ ಮೇಲೆ, ಮತ್ತೆ ನಾಲೆ ಹರಿಯುವಾಗ ಇನ್ನೊಮ್ಮೆ ಒಳಗೆ ನಡೆದು ಎಲ್ಲಿ ತೇವ ಇದೆ, ಯಾವ ಪೈಪಿನಲ್ಲಿ ಕದಡಿದ ನೀರು ಬರುತ್ತಿದೆ ಅಂತ ಗುರುತು ಹಾಕಿಕೊಂಡು ಬನ್ನಿ.